ಹಾಲಿಲ್ಲದ ಹಾಟ್ ಚಾಕೊಲೇಟ್: ಗಂಟು, ಒಡಕು ಎರಡೂ ಹೋದದ್ದು ಹೀಗೆ

ಓಟ್ ಹಾಲಿಗೆ ಕೋಕೋ ಪುಡಿ ನೇರವಾಗಿ ಸುರಿದರೆ ಮೇಲೆಯೇ ತೇಲುತ್ತದೆ. ಒಂದು ಗಂಟು ಒಡೆದು ನೋಡಿ, ಒಳಗೆ ಪುಡಿ ಇನ್ನೂ ಒಣಗಿಯೇ ಇರುತ್ತದೆ. ಕೋಕೋದ ಕೊಬ್ಬು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ 2 ದೊಡ್ಡ ಚಮಚ ಕೋಕೋ, 1 ಚಮಚ ಸಕ್ಕರೆ, ಚಿಟಿಕೆ ಉಪ್ಪು ಮೊದಲು ಒಣದಾಗಿ ಬೆರೆಸಿ, 3 ಚಮಚ ಕುದಿನೀರು ಹಾಕಿ, ಹೊಳೆಯುವ ಪೇಸ್ಟ್ ಆಗುವವರೆಗೆ ತಿಕ್ಕಿದೆ. ಗಂಟಿನ ಕಾಟ ಅಲ್ಲಿಗೇ ಮುಗಿಯಿತು.

ಆಮೇಲೆ 200 ಮಿ.ಲೀ. ಓಟ್ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಸಣ್ಣ ಉರಿಯಲ್ಲಿ ಹಬೆಯಾಡುವಷ್ಟೇ ಬಿಸಿ ಮಾಡಿದೆ. ಕುದಿಸಲೇಬೇಡಿ: ಓಟ್ ಹಾಲು ಲೋಳೆಯಾಗುತ್ತದೆ, ಸೋಯಾ, ಬಾದಾಮಿ ಹಾಲು ಒಡೆಯಬಹುದು. ಆಗಲೂ ಒಡೆದರೆ ಡಚ್ ಪ್ರೊಸೆಸ್ (ಕ್ಷಾರ ಸೇರಿಸಿ ಸಂಸ್ಕರಿಸಿದ) ಕೋಕೋ ಬಳಸಿ, ಅದರಲ್ಲಿ ಹುಳಿ ಕಡಿಮೆ. ಡಾರ್ಕ್ ಚಾಕೊಲೇಟ್ ಹಾಕುವುದಾದರೆ ಲೇಬಲ್ ಓದಿ; ಕೆಲವದರಲ್ಲಿ ಹಾಲಿನ ಕೊಬ್ಬಿರುತ್ತದೆ.