ಶ್ಯಾಕಲ್‌ಟನ್ ಮ್ಯೂಸಿಯಂ ನೋಡಿದ್ದು ಹೀಗೆ: ಹಗ್ಗದ ದೋಣಿ ಕೊನೆಗೂ ಕೆಲಸ ಮಾಡಿತು

"ಅಥೈನಂಥ ಸಣ್ಣ ಊರಿನ ಮ್ಯೂಸಿಯಮ್ಮಿಗೆ ಇಡೀ ದಿನ ಯಾಕೆ? ಅರ್ಧ ಗಂಟೆಗೆ ಮುಗಿಯುತ್ತೆ. ಆಮೇಲೆ ಮಕ್ಕಳ ಗೋಳು ಕೇಳೋರು ಯಾರು?" ಅಂಟಾರ್ಕ್ಟಿಕಾ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್‌ಟನ್ ಅವರ ಮ್ಯೂಸಿಯಂ ಇರುವುದು ಐರ್ಲೆಂಡಿನ ಈ ಅಥೈನಲ್ಲಿ. ಅಲ್ಲಿಗೆ ಹೋಗೋಣ ಅಂದಾಗಲೆಲ್ಲ ಡಬ್ಲಿನ್‌ನ ನಮ್ಮ ಗೆಳೆಯರು ಹೇಳುತ್ತಿದ್ದದ್ದು ಇದನ್ನೇ. ಈ ಸಲ ಏಳು ಮಕ್ಕಳು ಮೂರು ಗಂಟೆ ಹತ್ತಿರ ಅಲ್ಲೇ ಇದ್ದರು. ಹೊರಡೋಣ ಅಂದವರು ನಾವು ದೊಡ್ಡವರು.

ಹಿಂದೆ ಮಾಡಿದ್ದು ಯಾವುದೂ ಫಲಿಸಿರಲಿಲ್ಲ. ಬೋರ್ಡುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದರೆ ಮೂರನೇ ಬೋರ್ಡಿಗೆ ಮಕ್ಕಳು ನಾಪತ್ತೆ. ಆಮೇಲೆ ಪ್ರಶ್ನೆ ಪತ್ರಿಕೆ ಮಾಡಿದೆ. ಬಣ್ಣದ ಪ್ರಿಂಟಿಗೇ ಹದಿನೈದು ಯೂರೋ ಹೋಯಿತು. ಹತ್ತು ನಿಮಿಷದಲ್ಲಿ ಒಬ್ಬರದ್ದೊಬ್ಬರು ನೋಡಿ ಬರೆದು ಮುಗಿಸಿದರು. ಶ್ಯಾಕಲ್‌ಟನ್ ತಂಡದಲ್ಲಿದ್ದ ಟಾಮ್ ಕ್ರೀನ್ ನಡೆಸುತ್ತಿದ್ದ ಸೌತ್ ಪೋಲ್ ಇನ್ ಅನ್ನೋ ಪಬ್ ತೋರಿಸೋಣ ಅಂತ ಕೆರ್ರಿಯ ಆನಸ್ಕಾಲ್‌ಗೂ ಹೋದೆವು. ಬಾಡಿಗೆ ಕಾರು, ಒಂದು ರಾತ್ರಿಯ ರೂಮು ಸೇರಿ ನಾನೂರು ಯೂರೋ ಹತ್ತಿರ ಆಯಿತು. ಮಕ್ಕಳಿಗೆ ಈಗ ನೆನಪಿರುವುದು ಇಂಚ್ ಬೀಚ್ ಮಾತ್ರ.

ಅಥೈಗೆ ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರೈಲು ಇದೆ. ಟಿಕೆಟ್ ಮೊದಲೇ ಬುಕ್ ಮಾಡಿ ಊಟ ಮನೆಯಿಂದ ಒಯ್ದರೆ ಕಮ್ಮಿ ಖರ್ಚಿನಲ್ಲಿ ದಿನ ಮುಗಿಯುತ್ತೆ.

ನಾನು ಬದಲಾಯಿಸಿದ್ದು ಇಷ್ಟೇ. ಮ್ಯೂಸಿಯಂ ಬಾಗಿಲಿಗೆ ನೇರವಾಗಿ ಹೋಗಲಿಲ್ಲ. ಎಮಿಲಿ ಸ್ಕ್ವೇರ್‌ನಲ್ಲಿ ಶ್ಯಾಕಲ್‌ಟನ್ ಪ್ರತಿಮೆ ಇದೆಯಲ್ಲ, ಅದರ ಹತ್ತಿರ ನೆಲದ ಮೇಲೆ ಹಗ್ಗ ಹಾಸಿದೆ. ಉದ್ದ 22 ಅಡಿ ಚಿಲ್ಲರೆ, ಅಗಲ 6 ಅಡಿ. ಹಡಗು ಹಿಮಕ್ಕೆ ಸಿಕ್ಕಿ ಮುಳುಗಿದ ಮೇಲೆ ಶ್ಯಾಕಲ್‌ಟನ್ ನೆರವು ತರಲು ಹೊರಟ ಜೇಮ್ಸ್ ಕೇರ್ಡ್ ದೋಣಿ ಹೆಚ್ಚೂ ಕಮ್ಮಿ ಅಷ್ಟೇ ಇತ್ತು. 1916ರ ಏಪ್ರಿಲ್ 24ಕ್ಕೆ ಆರು ಜನ ಅದರಲ್ಲಿ ಎಲಿಫೆಂಟ್ ದ್ವೀಪ ಬಿಟ್ಟರು. ಸುಮಾರು 800 ನಾಟಿಕಲ್ ಮೈಲಿ ದಾಟಿ ಸೌತ್ ಜಾರ್ಜಿಯಾ ಮುಟ್ಟಿದ್ದು ಮೇ 10ಕ್ಕೆ.

ಆರು ಮಕ್ಕಳನ್ನು ಹಗ್ಗದೊಳಗೆ ಕೂರಿಸಿದೆ. ಏಳನೆಯವನು ದ್ವೀಪದಲ್ಲೇ ಉಳಿದ 22 ಜನರ ಪರವಾಗಿ ದಡದಲ್ಲಿ ನಿಂತ. ಮೂವರು ಕಾವಲು, ಮೂವರು ಮುಂಭಾಗದಲ್ಲಿ ಒತ್ತಿಕೊಂಡು ಮಲಗಬೇಕು. ದಿನಕ್ಕೊಂದು ನಿಮಿಷದಂತೆ ಲೆಕ್ಕ. ಜಿಟಿಜಿಟಿ ಮಳೆ ಬೇರೆ ಶುರುವಾಯಿತು. ಆರನೇ ನಿಮಿಷಕ್ಕೆ ಒಬ್ಬಳು, "ಅಂಕಲ್, ಕಾಲು ಚಾಚೋಕೆ ಜಾಗ ಇಲ್ಲ" ಅಂದಳು. ನನಗೆ ಬೇಕಾಗಿದ್ದು ಆ ಮಾತೇ. ಒಬ್ಬರೂ ಎದ್ದು ಹೋಗಲಿಲ್ಲ.

ಆಮೇಲೆ ಒಳಗೆ. ಶ್ಯಾಕಲ್‌ಟನ್ ಅವರ ಕೊನೆಯ ಯಾನದ ಕ್ವೆಸ್ಟ್ ಹಡಗಿನ ಕ್ಯಾಬಿನ್ ಮುಂದೆ ಅದೇ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಅವರು ಕಾಲು ಚಾಚಿ ಮಲಗ್ತಿದ್ರಾ?" ಆ ಪುಟ್ಟ ಮರದ ಕೋಣೆಯಲ್ಲೇ 1922ರ ಜನವರಿ 5ಕ್ಕೆ ಶ್ಯಾಕಲ್‌ಟನ್ ಹೃದಯಾಘಾತದಿಂದ ತೀರಿಕೊಂಡದ್ದು. ಆಗ ಅವರಿಗೆ 47 ವರ್ಷ. ಆಮೇಲೆ ನಾರ್ವೆಯಲ್ಲಿ ಅದನ್ನು ಹಡಗಿನಿಂದ ಬಿಚ್ಚಿ ದಡದಲ್ಲಿ ಇಟ್ಟಿದ್ದರು. ಈಗ ಅದು ಬಂದು ಸೇರಿರುವುದು ಅವರು ಹುಟ್ಟಿದ ಕಿಲ್ಕೀಯಿಂದ ಕೆಲವೇ ಕಿಲೋಮೀಟರ್ ದೂರಕ್ಕೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಬೋರ್ಡುಗಳಲ್ಲಿ ಒಂದನ್ನೂ ನಾನು ಓದಿ ಹೇಳಲಿಲ್ಲ. ಅವರೇ ಓದಿ ಬಂದು ನನಗೆ ಹೇಳಿದರು.

ರೈಲಿನಲ್ಲಿ ಮಕ್ಕಳಿಗೆ ಒಂದು ಒಗಟು ಹಾಕಿರುತ್ತೇನೆ, ಉತ್ತರ ಮ್ಯೂಸಿಯಮ್ಮಿನಲ್ಲೇ ಸಿಗುತ್ತೆ. ಅದು ನಮ್ಮ ಜೊತೆ ಬಂದವರಿಗೆ ಮಾತ್ರ.

ಊಟದಲ್ಲೂ ಒಂದು ಪ್ರಯೋಗ ಮಾಡಿದೆ. ಶ್ಯಾಕಲ್‌ಟನ್ ತಂಡದವರು ಒಣಮಾಂಸ ಮತ್ತು ಕೊಬ್ಬಿನ ಪೆಮ್ಮಿಕನ್‌ಗೆ ಬಿಸ್ಕತ್ತು, ನೀರು ಸೇರಿಸಿ ಹೂಶ್ ಅನ್ನೋ ಗಂಜಿ ಕುದಿಸುತ್ತಿದ್ದರು. ನಾನು ರಾಗಿ ಹುರಿಹಿಟ್ಟು, ಶೇಂಗಾ ಪುಡಿ, ಬೆಲ್ಲ, ಜಾಸ್ತಿ ತುಪ್ಪ ಕಲಸಿ ಒಯ್ದೆ. ಥರ್ಮಾಸಿನ ಬಿಸಿನೀರು ಹಾಕಿದರೆ ಎರಡು ನಿಮಿಷದಲ್ಲಿ ರೆಡಿ. ತುಪ್ಪ ಹಿಟ್ಟಿನ ಅರ್ಧದಷ್ಟಾದರೂ ಇರಲಿ, ಇಲ್ಲದಿದ್ದರೆ ಗಂಟು ಕಟ್ಟುತ್ತೆ. ಮಕ್ಕಳು ಡಬ್ಬಿ ಖಾಲಿ ಮಾಡಿದರು. ಕೆಫೆಯ ಖರ್ಚು ಉಳಿಯಿತು.

ಊರ ಚರಿತ್ರೆಗೆ ಬೀದಿಯೇ ಸಾಕು. 1903ರ ಗಾರ್ಡನ್ ಬೆನೆಟ್ ಕಾರ್ ರೇಸ್ ಈ ಊರ ಮೇಲೆಯೇ ಹೋಗಿತ್ತು, ಗೆದ್ದದ್ದು ಮರ್ಸಿಡಿಸ್‌ನಲ್ಲಿ ಜೆನಾಟ್ಸಿ. ಬ್ಯಾರೋ ನದಿ ಸೇತುವೆ ಪಕ್ಕದ ವೈಟ್ಸ್ ಕ್ಯಾಸಲ್ ಹತ್ತಿರ ನಿಂತು ಹೇಳಿದರೆ ಹುಡುಗರು ಜಾಗ ಬಿಟ್ಟು ಕದಲುವುದಿಲ್ಲ.

ಮುಂದಿನ ಸಲ ಹತ್ತಿರದ ಬ್ಯಾಲಿಟೋರ್ ಸೇರಿಸುವ ಯೋಚನೆ ಇದೆ. 1726ರಲ್ಲಿ ಅವರ ಪೂರ್ವಜ ಅಬ್ರಹಾಂ ಶ್ಯಾಕಲ್‌ಟನ್ ಶಾಲೆ ತೆರೆದ ಹಳ್ಳಿ ಅದು, ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರದ್ದು. ರಾಜಕೀಯ ಚಿಂತಕ ಎಡ್ಮಂಡ್ ಬರ್ಕ್ ಓದಿದ್ದೂ ಅಲ್ಲೇ. ಅಲ್ಲಿಗೆ ರೈಲಿಲ್ಲ, ಟ್ಯಾಕ್ಸಿಯಲ್ಲಿ ಹೋಗೋಣ ಅಂತಿದ್ದೇನೆ. ಎರಡು ಮನೆಯವರು ಹಂಚಿಕೊಂಡರೆ ಹೊರೆಯಾಗಲ್ಲ. ಬರುವವರು ಈಗಲೇ ಹೇಳಿ.