ಗ್ಲೋವ್ ಬಾಕ್ಸ್ ಹಿಂದಿನ ಕಸ: ಕಾರಿನ ಎಸಿ ಫಿಲ್ಟರ್ ಮನೆಯಲ್ಲೇ ಬದಲಾಯಿಸಿ

ಮೂರು ಬೇಸಿಗೆಯ ಹಿಂದಿನ ಮಾತು. ನಮ್ಮ ಕಾರಿನಲ್ಲಿ ಎಸಿ ಹಾಕಿದರೆ ಸದ್ದು ಮಾತ್ರ ಜೋರು, ಗಾಳಿ ಅಷ್ಟಕ್ಕಷ್ಟೆ. ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿದರೂ ಹಿಂದಿನ ಸೀಟಿನಲ್ಲಿ ಅಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕಾರು ಹತ್ತಿ ಐದು ನಿಮಿಷವಾಗುವಷ್ಟರಲ್ಲಿ ಮಗಳಿಗೆ ಸೀನು ಶುರು. ‘ಗ್ಯಾಸ್ ಕಡಿಮೆಯಾಗಿರಬೇಕು, ತುಂಬಿಸಿ’ ಅಂದವರೇ ಎಲ್ಲ. ಅದಕ್ಕೆ ದುಡ್ಡು ಸುರಿಯುವ ಮೊದಲು ಒಂದು ಭಾನುವಾರ ಗ್ಲೋವ್ ಬಾಕ್ಸ್ ಬಿಚ್ಚಿ, ಅದರ ಹಿಂದಿದ್ದ ಫಿಲ್ಟರನ್ನು ಹೊರಗೆಳೆದೆ. ಬಿಳಿಯಾಗಿರಬೇಕಾದದ್ದು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಡಿಕೆಮಡಿಕೆಯಲ್ಲೂ ಒಣಗಿದ ಹೊಂಗೆ ಹೂವು, ತರಗೆಲೆ, ಯಾವುದೋ ಹುಳದ ರೆಕ್ಕೆ. ಎರಡು ತಿಂಗಳ ಹಿಂದಷ್ಟೇ ಆಗಿದ್ದ ಸರ್ವಿಸ್‌ನ ಬಿಲ್ಲಿನಲ್ಲಿ ‘ಎಸಿ ಫಿಲ್ಟರ್ ಬದಲಾವಣೆ’ ಎಂದು ಹಣ ಹಿಡಿದಿದ್ದರು. ಎರಡು ತಿಂಗಳಿನಲ್ಲಿ ಅಷ್ಟು ಕಸ ಕೂರಲು ಸಾಧ್ಯವೇ ಇಲ್ಲ. ನನಗೆ ಸಿಟ್ಟು ಬಂದದ್ದು ಹಣಕ್ಕಲ್ಲ, ಅಷ್ಟು ದಿನ ಮಗು ಆ ಗಾಳಿ ಕುಡಿಯಿತಲ್ಲ ಎಂದು. ಅಂದಿನಿಂದ ಈ ಕೆಲಸ ನಾನೇ ಮಾಡುತ್ತಿದ್ದೇನೆ. ಮೊದಲ ಸಲ ಅರ್ಧ ಗಂಟೆ ಹಿಡಿಯಿತು, ಈಗ ಹತ್ತು ನಿಮಿಷ ಸಾಕು.

ಕಂಪನಿಯ ಪುಸ್ತಕದಲ್ಲಿ ಇದರ ಹೆಸರು ಕ್ಯಾಬಿನ್ ಏರ್ ಫಿಲ್ಟರ್. ಗ್ಯಾರೇಜಿನಲ್ಲೂ ಬಿಡಿಭಾಗದ ಅಂಗಡಿಯಲ್ಲೂ ಎಸಿ ಫಿಲ್ಟರ್ ಎಂದರೇ ಬೇಗ ಅರ್ಥವಾಗುತ್ತದೆ. ಬರೀ ‘ಏರ್ ಫಿಲ್ಟರ್’ ಎಂದು ಕೇಳಿದರೆ ಬಾನೆಟ್ ಅಡಿಯ, ಎಂಜಿನ್ ಉಸಿರಾಡುವ ಫಿಲ್ಟರನ್ನು ಕೊಟ್ಟುಬಿಡುತ್ತಾರೆ. ಅದು ಬೇರೆ, ಇದು ಬೇರೆ.

ಗಾಳಿ ಬರುವ ದಾರಿ

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಕಡೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಕಾರಿನೊಳಕ್ಕೆ ಬರುವುದು ಅಲ್ಲಿಂದ. ಮರದ ಕೆಳಗೆ ನಿಲ್ಲಿಸಿದ ಕಾರಿನ ಫಿಲ್ಟರ್ ಬೇಗ ಕೆಡುವುದು ಇದೇ ಕಾರಣಕ್ಕೆ. ಜಾಲರಿಯ ಮೇಲೆ ಬಿದ್ದ ಹೂವು, ಎಲೆಚೂರು ಗಾಳಿಯ ಜೊತೆ ಒಳಗಿಳಿದು ಫಿಲ್ಟರಿನ ಮೇಲೆ ಕೂರುತ್ತವೆ. ಫಿಲ್ಟರ್ ದಾಟಿದ ಗಾಳಿಯನ್ನು ಬ್ಲೋವರ್ ಫ್ಯಾನ್ ಎಳೆದು ಕೂಲಿಂಗ್ ಕಾಯಿಲ್ ಕಡೆಗೆ ನೂಕುತ್ತದೆ. ಹೆಚ್ಚಿನ ಕಾರುಗಳಲ್ಲಿ ಒಳಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದಾಗಲೂ ಗಾಳಿ ಇದೇ ಫಿಲ್ಟರ್ ಮೂಲಕ ಸುತ್ತುತ್ತದೆ. ಹಾಗಾಗಿ ‘ನಾನು ಹೊರಗಾಳಿ ತೆಗೆದುಕೊಳ್ಳುವುದೇ ಇಲ್ಲ, ನನಗೇಕೆ ಇದು’ ಎನ್ನುವಂತಿಲ್ಲ.

ಫಿಲ್ಟರ್ ಕಟ್ಟಿಕೊಂಡರೆ ಮೊದಲು ಸೊರಗುವುದು ಗಾಳಿಯ ಬಲ. ಮಳೆಗಾಲದಲ್ಲಿ ಇದು ಅಪಾಯಕ್ಕೂ ದಾರಿ. ಗಾಜಿನ ಒಳಮೈಗೆ ಕವಿದ ಮಂಜನ್ನು ಓಡಿಸುವಷ್ಟು ಗಾಳಿ ಬರದಿದ್ದರೆ ಘಾಟಿಯಲ್ಲಿ ಎದುರಿನ ವಾಹನವೇ ಕಾಣುವುದಿಲ್ಲ. ಆಗುಂಬೆಯ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಗಾಜು ಒರೆಸುವ ಬಟ್ಟೆ ಹಿಡಿದು ಇಳಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಯಾವಾಗ ಬದಲಾಯಿಸಬೇಕು

ಕಾರಿನ ಪುಸ್ತಕಗಳು ಸಾಮಾನ್ಯವಾಗಿ 10,000ದಿಂದ 20,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಎನ್ನುತ್ತವೆ. ಆದರೆ ಕಾರು ಎಷ್ಟು ಓಡಿತು ಎನ್ನುವುದಕ್ಕಿಂತ ಎಲ್ಲಿ ಓಡಿತು ಎನ್ನುವುದು ಮುಖ್ಯ. ಹೊಸಪೇಟೆ, ಸಂಡೂರು ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡುವವರು, ಬೆಂಗಳೂರಿನಲ್ಲಿ ಮೆಟ್ರೊ ಕಾಮಗಾರಿಯ ರಸ್ತೆಯಲ್ಲೇ ದಿನವೂ ಹೋಗಿಬರುವವರು ಆರು ತಿಂಗಳಿಗೊಮ್ಮೆ ತೆಗೆದು ನೋಡಲೇಬೇಕು. ಪಾರ್ಥೇನಿಯಂ ಪರಾಗಕ್ಕೆ ಸೀನುವವರು, ಉಬ್ಬಸದವರು ಮನೆಯಲ್ಲಿದ್ದರೆ ಇನ್ನೂ ಬೇಗ ನೋಡಿದರೂ ತಪ್ಪಿಲ್ಲ. ನಾನು ಬೆಂಗಳೂರಿನಲ್ಲಿ ಬದಲಾಯಿಸುವುದು ಮೇ ಕೊನೆಯಲ್ಲಿ. ಹೊಂಗೆ ಹೂವು ಉದುರಿ ಮುಗಿದಿರುತ್ತದೆ, ಮಳೆಗಾಲಕ್ಕೆ ಗಾಜು ತಿಳಿಯಾಗಿಡುವಷ್ಟು ಗಾಳಿಯೂ ಸಿಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಅಕ್ಟೋಬರ್ ಸರಿ. ನಾಲ್ಕು ತಿಂಗಳ ತೇವ ಹೀರಿ ಮುಗ್ಗಲು ಹಿಡಿದ ಫಿಲ್ಟರನ್ನು ಬೇಸಿಗೆಯವರೆಗೆ ಇಟ್ಟುಕೊಳ್ಳಬಾರದು.

ಕೊಳ್ಳುವಾಗ

ಅಂಗಡಿಯಲ್ಲಿ ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ಹೇಳಿ. ಒಂದೇ ಹೆಸರಿನ ಕಾರಿನ ಹಳೆಯ, ಹೊಸ ತಲೆಮಾರುಗಳಿಗೆ ಫಿಲ್ಟರ್ ಅಳತೆ ಬೇರೆಯಾಗಿರುವುದುಂಟು. ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ಹಳೆಯದನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ನೋಡಿದ ಕೂಡಲೇ ಸರಿಯಾದದ್ದನ್ನು ಮುಂದಿಡುತ್ತಾರೆ.

ಸಿಗುವುದು ಮುಖ್ಯವಾಗಿ ಎರಡು ಬಗೆ. ಬಿಳಿಯದು ಧೂಳು, ಪರಾಗ ತಡೆಯುವ ಸಾದಾ ಫಿಲ್ಟರ್. ಬೂದು ಅಥವಾ ಕಪ್ಪು ಬಣ್ಣದ್ದರಲ್ಲಿ ಕಾರ್ಬನ್ ಪದರ ಇರುತ್ತದೆ. ಅದು ಡೀಸೆಲ್ ಹೊಗೆ, ಮೋರಿಯ ವಾಸನೆಯನ್ನೂ ಒಂದಷ್ಟು ಹೀರಿಕೊಳ್ಳುತ್ತದೆ. ಬೆಲೆ ತುಸು ಹೆಚ್ಚು, ಆದರೆ ಸಿಗ್ನಲ್‌ಗಳಲ್ಲೇ ಅರ್ಧ ದಾರಿ ಕಳೆಯುವವರು ಅದನ್ನೇ ಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ಒಂದನ್ನು ಮಾತ್ರ ಮರೆಯಬೇಡಿ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಯಾವ ಕ್ಯಾಬಿನ್ ಫಿಲ್ಟರೂ ತಡೆಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಕಾರಿನಲ್ಲಿ ಮಲಗುವುದು ಹೊಸ ಫಿಲ್ಟರ್ ಇದ್ದರೂ ಜೀವಕ್ಕೆ ಅಪಾಯವೇ.

ತೊಳೆದು ಮತ್ತೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ತೊಳೆಯಬಹುದೆಂದು ಬರೆದೇ ಮಾರುವ ಕೆಲವನ್ನು ಬಿಟ್ಟರೆ, ಈ ಫಿಲ್ಟರುಗಳು ನೂಲಿನಷ್ಟೂ ದಪ್ಪವಿಲ್ಲದ ಎಳೆಗಳನ್ನು ಒತ್ತಿ ಮಾಡಿದವು. ಅನೇಕದರಲ್ಲಿ ಆ ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿರುತ್ತಾರೆ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿದರೆ ಕಾಗದದ ಚೂರು ಅಂಟಿಕೊಳ್ಳುವಂತೆ ಸಣ್ಣ ಧೂಳು ಆ ಎಳೆಗಳಿಗೆ ಅಂಟುತ್ತದೆ. ಸೋಪು ನೀರು ತಗುಲಿದರೆ ಆ ಗುಣ ಕುಂದುತ್ತದೆ. ಕೂದಲೆಳೆ ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳು 2.5 ಮೈಕ್ರಾನಿಗಿಂತ ಸಣ್ಣದು. ತೊಳೆದ ಫಿಲ್ಟರ್ ಎಲೆ, ಹುಳ ತಡೆದೀತು, ಈ ಸಣ್ಣದನ್ನು ತಡೆಯುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದೂ ಬೇಡ, ಮಡಿಕೆಗಳು ಹರಿಯುತ್ತವೆ.

ಇನ್ನು ಕೆಲಸಕ್ಕೆ ಇಳಿಯೋಣ

ಬೇಕಾದದ್ದು ಇಷ್ಟೆ: ಹೊಸ ಫಿಲ್ಟರ್, ಮಾಸ್ಕ್, ರಬ್ಬರ್ ಕೈಗವಸು, ಮೊಬೈಲ್ ಟಾರ್ಚ್, ಒದ್ದೆ ಬಟ್ಟೆ, ಒಂದು ದೊಡ್ಡ ಪ್ಲಾಸ್ಟಿಕ್ ಕವರ್. ಹೆಚ್ಚಿನ ಕಾರುಗಳಿಗೆ ಸ್ಕ್ರೂ ಡ್ರೈವರ್ ಕೂಡ ಬೇಡ.

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀಲಿ ತೆಗೆದಿಡಿ. ಫ್ಯಾನ್ ಓಡುತ್ತಿರುವಾಗ ಫಿಲ್ಟರ್ ಎಳೆದರೆ ಅದರ ಮೇಲಿನ ಕಸವೆಲ್ಲ ಬ್ಲೋವರಿಗೆ ಬಿದ್ದು ಟರಟರ ಸದ್ದು ಶುರುವಾಗುತ್ತದೆ.

2. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಆರ್‌ಸಿ, ವಿಮೆಯ ಕಾಗದ, ಹಳೆಯ ಟೋಲ್ ಚೀಟಿ ಎಲ್ಲವನ್ನೂ ತೆಗೆದು ಸೀಟಿನ ಮೇಲಿಡಿ.

3. ಬಾಕ್ಸನ್ನು ಕೆಳಗಿಳಿಸಿ. ಜನರಿಗೆ ಭಯವಾಗುವುದು ಈ ಹಂತದಲ್ಲಿ. ಹುಂಡೈ ಐ10, ಐ20 ಬಗೆಯ ಕಾರುಗಳಲ್ಲಿ ಬಾಕ್ಸ್ ತೆರೆದರೆ ಒಳಗೆ ಎಡಬಲದ ಗೋಡೆಗಳಲ್ಲಿ ಒಂದೊಂದು ಪ್ಲಾಸ್ಟಿಕ್ ತಡೆಗುಬ್ಬಿ ಕಾಣುತ್ತದೆ. ಅವೆರಡನ್ನು ತೆಗೆದರೆ ಬಾಕ್ಸ್ ತನ್ನ ಕೀಲುಗಳ ಮೇಲೆ ಪೂರ್ತಿ ಕೆಳಕ್ಕೆ ಜೋತುಬೀಳುತ್ತದೆ. ಬೇರೆ ಅನೇಕ ಕಾರುಗಳಲ್ಲಿ ಗುಬ್ಬಿ ಇರುವುದಿಲ್ಲ. ಎರಡೂ ಪಕ್ಕದ ಗೋಡೆಗಳನ್ನು ಅಂಗೈಯಿಂದ ಒಳಕ್ಕೆ ಅದುಮಿದರೆ ಬಾಕ್ಸ್ ತಡೆಯಿಂದ ತಪ್ಪಿಸಿಕೊಂಡು ಇಳಿಯುತ್ತದೆ. ಬಾಕ್ಸ್ ಮೆಲ್ಲಗೆ ತೆರೆಯಲೆಂದು ಒಂದು ಪಕ್ಕದಲ್ಲಿ ದಾರ ಅಥವಾ ಸಣ್ಣ ಕಡ್ಡಿ ಸಿಕ್ಕಿಸಿದ್ದರೆ ಅದನ್ನು ಮೊದಲು ಬಿಡಿಸಿ, ಎಳೆದು ಮುರಿಯಬೇಡಿ. ಬಿಸಿಲಿನಲ್ಲಿ ಕಾದ ಹಳೆಯ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಬಲಕ್ಕಿಂತ ತಾಳ್ಮೆ ಮೇಲು.

ಇಲ್ಲಿ ಹಳದಿ ಬಣ್ಣದ ವೈರು, ಹಳದಿ ಪ್ಲಗ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿಗೆ ಸೇರಿದ್ದು.

4. ಈಗ ಎದುರಿಗೆ ಅಡ್ಡಡ್ಡ, ಅಂಗೈ ಉದ್ದದ ಕಪ್ಪು ಮುಚ್ಚಳ ಕಾಣುತ್ತದೆ. ಪಕ್ಕದ ಕ್ಲಿಪ್ ಒತ್ತಿದರೆ ಬಿಡುತ್ತದೆ. ಬಿಚ್ಚುವ ಮುನ್ನ ಒಂದು ಫೋಟೊ ತೆಗೆದುಕೊಳ್ಳಿ.

5. ಹಳೆಯ ಫಿಲ್ಟರನ್ನು ಅಲುಗಾಡಿಸದೆ, ಮಟ್ಟವಾಗಿ, ನಿಧಾನಕ್ಕೆ ಎಳೆಯಿರಿ. ಪೂರ್ತಿ ಬಂದ ಮೇಲೆ ಕೂಡಲೇ ಕವರಿಗೆ ಹಾಕುವ ಆತುರ ಬೇಡ. ಯಾವ ಮುಖ ಕೊಳಕಾಗಿದೆ ನೋಡಿ. ಕಸ ಕೂತ ಮುಖವೇ ಗಾಳಿ ಬರುವ ಕಡೆ. ಮುಂದಿನ ಹಂತಕ್ಕೆ ಇದೇ ಸಾಕ್ಷಿ.

6. ಖಾಲಿ ಗೂಡಿಗೆ ಟಾರ್ಚ್ ಬಿಟ್ಟು ನೋಡಿ. ಎಲೆಚೂರು ಇದ್ದರೆ ಕೈಯಿಂದ ಹೆಕ್ಕಿ, ವ್ಯಾಕ್ಯೂಮ್ ಇದ್ದರೆ ಅದರಿಂದ ಎಳೆಯಿರಿ. ಅಂಚುಗಳನ್ನು ಹಿಂಡಿದ ಬಟ್ಟೆಯಿಂದ ಒರೆಸಿ. ನೀರು ಸುರಿಯಬೇಡಿ, ಕೆಳಗೆ ಬ್ಲೋವರ್ ಮೋಟಾರ್ ಇದೆ.

7. ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಬಾಣದ ಪಕ್ಕ ‘ಏರ್ ಫ್ಲೋ’ ಎಂದಿದ್ದರೆ ಅದು ಗಾಳಿ ಸಾಗುವ ದಿಕ್ಕು. ಬ್ಲೋವರ್ ಕೆಳಗಿರುವ ಕಾರುಗಳಲ್ಲಿ, ಅಂದರೆ ಹೆಚ್ಚಿನವುಗಳಲ್ಲಿ, ಈ ಬಾಣ ನೆಲದ ಕಡೆ ತೋರಿಸಬೇಕು. ಬಾಣದ ಪಕ್ಕ ‘ಅಪ್’ ಎಂದಿದ್ದರೆ ಅದು ಗಾಳಿಯ ಮಾತಲ್ಲ, ಆ ಅಂಚು ಮೇಲಿರಲಿ ಎಂದಷ್ಟೇ ಅರ್ಥ. ಗೊಂದಲವಾದರೆ ಹಳೆಯದರ ಕೊಳಕು ಮುಖ ಯಾವ ಕಡೆಗಿತ್ತೋ ‘ಏರ್ ಫ್ಲೋ’ ಬಾಣದ ಬಾಲ ಆ ಕಡೆಗಿರಲಿ. ಒಂದೇ ಎಚ್ಚರ, ಹಿಂದೆ ಹಾಕಿದವರು ತಲೆಕೆಳಗಾಗಿ ಹಾಕಿದ್ದರೂ ಕೊಳೆ ಕೂರುವುದು ಗಾಳಿ ಬರುವ ಮುಖದ ಮೇಲೆಯೇ. ಹಾಗಾಗಿ ಹಳೆಯದರ ಬಾಣವನ್ನು ನಂಬಬೇಡಿ, ಕೊಳೆಯನ್ನು ನಂಬಿ. ತಿರುವುಮುರುವಾಗಿ ಹಾಕಿದರೆ ಕೆಲವದರಲ್ಲಿ ಸದ್ದು ಬರುತ್ತದೆ, ಸೋಸುವ ಕೆಲಸವೂ ತಗ್ಗುತ್ತದೆ.

ಒಳಗೆ ಹಾಕುವ ಮುನ್ನ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ದಿನಾಂಕ, ಓಡಿದ ಕಿಲೋಮೀಟರ್ ಬರೆಯಿರಿ. ಸರ್ವಿಸ್ ಆದ ಮೇಲೆ ‘ಬದಲಾಯಿಸಿದ್ದೇವೆ’ ಎಂದವರ ಫಿಲ್ಟರಿನ ಮೇಲೆ ನಿಮ್ಮದೇ ಅಕ್ಷರ ಕಂಡರೆ ಮಾತನಾಡಲು ಆಧಾರವಿರುತ್ತದೆ. ನನಗೆ ಅಂದು ಅದು ಇರಲಿಲ್ಲ.

8. ಫಿಲ್ಟರನ್ನು ಬಾಗಿಸದೆ, ಮೂಲೆ ಮಡಚದಂತೆ ಕೊನೆಯವರೆಗೆ ತಳ್ಳಿ. ಅಂಚಿನಲ್ಲಿ ಸಂದು ಉಳಿದರೆ ಗಾಳಿ ಫಿಲ್ಟರನ್ನು ಬಿಟ್ಟು ಸಂದಿನಲ್ಲೇ ನುಗ್ಗುತ್ತದೆ. ಮುಚ್ಚಳ ಟಕ್ ಎಂದು ಕೂರಬೇಕು. ಕೂರದಿದ್ದರೆ ಫಿಲ್ಟರ್ ಸರಿಯಾಗಿ ಹೋಗಿಲ್ಲ ಅಥವಾ ಅಳತೆ ತಪ್ಪಾಗಿದೆ. ಗುದ್ದಿ ಕೂರಿಸಬೇಡಿ. ಆಮೇಲೆ ಬಾಕ್ಸ್ ಮೇಲೆತ್ತಿ, ದಾರ, ಗುಬ್ಬಿಗಳನ್ನು ಸಿಕ್ಕಿಸಿ, ಎಂಜಿನ್ ಹಾಕಿ ಫ್ಯಾನನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿ ನೋಡಿ.

ಇಲಿ ಹೊಕ್ಕಿದ್ದರೆ

ನಮ್ಮೂರುಗಳಲ್ಲಿ ಇದನ್ನು ಹೇಳದೆ ಮುಗಿಸುವಂತಿಲ್ಲ. ಕೆಲವು ದಿನ ಓಡಿಸದೆ ನಿಲ್ಲಿಸಿದ ಕಾರಿನ ಫಿಲ್ಟರ್ ಇಲಿಗೆ ಮೆತ್ತನೆಯ ಹಾಸಿಗೆ. ಹರಿದ ಚೂರು, ಹಿಕ್ಕೆ, ಕಡಲೆಬೀಜದ ಸಿಪ್ಪೆ ಕಂಡರೆ ಪೊರಕೆಯಿಂದ ಗುಡಿಸಬೇಡಿ, ಒಣ ಪುಡಿ ಗಾಳಿಗೆ ಏಳುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಬರುವುದು ಕರಾವಳಿ, ಮಲೆನಾಡಿನವರಿಗೆ ಗೊತ್ತೇ ಇದೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಟ್ಟೆಯನ್ನೂ ಎಸೆಯಿರಿ. ಗೂಡು ಬ್ಲೋವರ್ ಒಳಗೂ ಇಳಿದಿದ್ದರೆ, ವೈರು ಕಡಿದಿದ್ದರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ಮುಚ್ಚಳವೇ ಸಿಗದಿದ್ದರೆ, ವಾಸನೆ ಹೋಗದಿದ್ದರೆ

ಎಲ್ಲ ಕಾರಿನಲ್ಲೂ ಫಿಲ್ಟರ್ ಇದೇ ಜಾಗದಲ್ಲಿ ಇರುವುದಿಲ್ಲ. ಯುರೋಪಿನ ಕಂಪನಿಗಳ ಕೆಲವು ಮಾದರಿಗಳಲ್ಲಿ ಗ್ಲೋವ್ ಬಾಕ್ಸಿನ ಅಡಿಯಲ್ಲಿ, ಕಾಲಿಡುವ ಜಾಗದ ಮೇಲೆ ಇರುತ್ತದೆ. ಇನ್ನು ಕೆಲವಲ್ಲಿ ಬಾನೆಟ್ ತೆರೆದು ಗಾಜಿನ ಬುಡದಲ್ಲಿ ಹುಡುಕಬೇಕು. ಕಡಿಮೆ ದರದ ಕೆಲವು ಹಳೆಯ ಮಾದರಿಗಳಲ್ಲಿ ಫಿಲ್ಟರೇ ಇಲ್ಲ. ಪುಸ್ತಕ ನೋಡದೆ ಪ್ಲಾಸ್ಟಿಕ್ ಕೊಯ್ಯಲು ಹೋಗಬೇಡಿ.

ಹೊಸ ಫಿಲ್ಟರ್ ಹಾಕಿದ ಮೇಲೂ ಎಸಿ ಹಾಕಿದ ಕೂಡಲೇ ಹಸಿ ಗೋಣಿಚೀಲದಂಥ ವಾಸನೆ ಬಂದರೆ ತಪ್ಪು ಫಿಲ್ಟರಿನದಲ್ಲ. ಅದರಾಚೆಯ ಕೂಲಿಂಗ್ ಕಾಯಿಲ್ ಮೇಲೆ ನೀರು ನಿಂತು ಬೂಷ್ಟು ಬೆಳೆದಿದೆ. ಅದನ್ನು ಗ್ಯಾರೇಜಿನಲ್ಲಿ ತೊಳೆಸಬೇಕು. ತೊಳೆಸಿದ ಮೇಲೆ ಮನೆ ತಲುಪಲು ನಾಲ್ಕೈದು ನಿಮಿಷ ಇರುವಾಗಲೇ ಎಸಿ ಬಟನ್ ಆಫ್ ಮಾಡಿ, ಫ್ಯಾನನ್ನು ಮಾತ್ರ ಓಡಲು ಬಿಡಿ. ಕಾಯಿಲ್ ಒಣಗುತ್ತದೆ. ನಮ್ಮ ಮನೆಯಲ್ಲಿ ಈ ಬಟನ್ ಒತ್ತುವ ಕೆಲಸ ಈಗ ಮಗಳದು. ಬೀದಿಯ ತಿರುವಿನ ಹಾಲಿನ ಬೂತ್ ಕಂಡ ಕೂಡಲೇ ಕೈ ಚಾಚುತ್ತಾಳೆ.