ಶಾಸಿ ಅಂದ್ರೆ ಚೌಕಟ್ಟಲ್ಲ

ಈ ಒಂದು ಫ್ರೆಂಚ್ ಪದ ನನ್ನ ಸುಮಾರು ಎಂಟು ಸಾವಿರ ರೂಪಾಯಿ ನುಂಗಿತು. ಪ್ಯಾರಿಸ್ಸಿನ ಹರಾಜು ಕ್ಯಾಟಲಾಗಿನ ಅನುವಾದ. ಚಿತ್ರ ‘ಮೂಲ ಶಾಸಿಯ ಮೇಲಿದೆ’ ಅಂತಿತ್ತು, ನಾನು ‘ಮೂಲ ಚೌಕಟ್ಟಿದೆ’ ಅಂತ ಬರೆದೆ. ಶಾಸಿ ಅಂದರೆ ಕ್ಯಾನ್ವಾಸನ್ನು ಎಳೆದು ಬಿಗಿಯುವ ಹಿಂದಿನ ಮರದ ಕಟ್ಟು. ಗೋಡೆಯಲ್ಲಿ ಮಿಂಚುವ ಚೌಕಟ್ಟಿಗೆ ಕಾದ್ರ್ ಅಂತಾರೆ. ನಮ್ಮ ಲಾರಿ ಚಾಸಿ ನೆನಪಾಗಿದ್ದರೂ ಬಚಾವಾಗುತ್ತಿದ್ದೆ, ಪದ ಅದೇ ಅಲ್ವಾ! ಗಿರಾಕಿ ಅರ್ಧ ದುಡ್ಡು ಮುರಿದುಕೊಂಡರು.

ಅದಕ್ಕೂ ಮುಂಚೆ ಐದಾರು ಸಾವಿರ ರೂಪಾಯಿಯ ನಿಘಂಟು ತರಿಸಿದ್ದೆ. ನಾನೂರು ಚಿಲ್ಲರೆ ಚೀಟಿ ಬರೆದು ಉರು ಹೊಡೆದಿದ್ದೆ. ತಿಂಗಳಲ್ಲಿ ಮುಕ್ಕಾಲು ಮರೆತೆ. ರಪಾಂತೀರ್ ಅನ್ನು ‘ತೋಳಿನಲ್ಲಿ ಪಶ್ಚಾತ್ತಾಪ ಕಾಣುತ್ತದೆ’ ಅಂತ ಮಾಡಿದ ಮಹಾನುಭಾವ ನಾನೇ. ಕಲಾವಿದ ಮನಸ್ಸು ಬದಲಿಸಿ ತೋಳಿನ ಮೇಲೆ ಬಣ್ಣ ಬಳಿದಿರುತ್ತಾನೆ, ವರ್ಷಗಳು ಕಳೆದ ಮೇಲೆ ಹಳೇ ತೋಳು ಮಬ್ಬಾಗಿ ಇಣುಕುತ್ತದೆ. ಅದು ರಪಾಂತೀರ್.

ಚೀಟಿ ಬಿಸಾಕಿ ಚಿತ್ರ ಹಿಡಿದೆ. ‘ಚಿತ್ರ ನೋಡಿ ಭಾಷೆ ಬರುತ್ತಾ?’ ಅಂತ ಜೊತೆಯವರು ನಕ್ಕರು. ಮೊದಲು ಹಿಡಿದದ್ದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿರುವ, ಫ್ರೆಂಚ್ ಚಿತ್ರಕಾರ ಶಾರ್ದ್ಯಾಂ ಅವರ ‘ಲಾ ರೇ’, 1728ರ ಹೊತ್ತಿಗೆ ಬರೆದು ಮುಗಿಸಿದ್ದು. ಕೊಕ್ಕೆಗೆ ತೂಗುಹಾಕಿದ, ಹೊಟ್ಟೆ ಸೀಳಿದ ತೊರಕೆ ಮೀನು. ಪಕ್ಕದಲ್ಲಿ ಕಪ್ಪೆಚಿಪ್ಪುಗಳ ಮೇಲೆ ಬೆನ್ನು ಬಾಗಿಸಿ ನಿಂತ ಬೆಕ್ಕು. ಇಂಥ ನಿರ್ಜೀವ ವಸ್ತುಗಳ ಚಿತ್ರಕ್ಕೆ ನಾತ್ಯೂರ್ ಮೋರ್ತ್ ಅಂತಾರೆ, ಅಕ್ಷರಕ್ಕೆ ಅಕ್ಷರ ‘ಸತ್ತ ಪ್ರಕೃತಿ’. ಬೆಕ್ಕು ಮಾತ್ರ ಬದುಕಿದೆ. ಆ ಪದ ಮತ್ತೆ ಮರೆಯಲಿಲ್ಲ.

ಗ್ಲಾಸಿ ಅಂದರೆ ಒಣಗಿದ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ. ಅದನ್ನು ತಿಳಿಯಲು ಸಾವಿರದಿನ್ನೂರರ ಎಣ್ಣೆಬಣ್ಣ ತಂದು ತೆಳ್ಳಗೆ ಪದರ ಪದರವಾಗಿ ಬಳಿದೆ. ಒಂದು ಒಣಗುವ ಮೊದಲೇ ಇನ್ನೊಂದು ಹಚ್ಚಿ ಕೆಸರು ಮಾಡಿದೆ. ಮನೆಯೆಲ್ಲ ವಾರಗಟ್ಟಲೆ ವಾಸನೆ. ಪದ ಮಾತ್ರ ಕೈಗೆ ಹತ್ತಿತು.

ದುಡ್ಡಿನ ಪದಗಳು, ಅಂದರೆ ಚಿತ್ರ ಯಾರ ಕೈಯದು ಅಂತ ಹೇಳುವ ಪದಗಳು, ಬೇರೆಯೇ ಇವೆ. 1981ರ ಫ್ರೆಂಚ್ ಸರ್ಕಾರದ ಆದೇಶ ಅವನ್ನು ಬಿಗಿಯಾಗಿ ಕಟ್ಟಿಹಾಕಿದೆ. ‘ಅತೆಲಿಯೆ ದ’ ಅಂದರೆ ಗುರುವಿನ ಕಾರ್ಯಾಗಾರದಲ್ಲಿ ಅಥವಾ ಅವರ ಉಸ್ತುವಾರಿಯಲ್ಲಿ ಆದದ್ದು. ‘ಎಕೋಲ್ ದ’ ಮುಂದೆ ಕಲಾವಿದನ ಹೆಸರಿದ್ದರೆ ಶಿಷ್ಯನ ಕೆಲಸ, ಅದೂ ಗುರು ಬದುಕಿದ್ದಾಗ ಅಥವಾ ಸತ್ತು 50 ವರ್ಷದೊಳಗೆ. ‘ದಾಪ್ರೆ’ ಅಂದರೆ ಯಾವ ಖಾತ್ರಿಯೂ ಇಲ್ಲ. ಇವನ್ನು ಮೆಟ್ಟಿಲಿನ ಹಾಗೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಚಿತ್ರಗಳನ್ನು ಯಾವ ಕ್ರಮದಲ್ಲಿ ಆರಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಮೊನ್ನೆ ಅದೇ ಗಿರಾಕಿ ನಲವತ್ತು ಪುಟ ಕಳಿಸಿದರು. ಒಂದು ತಿದ್ದುಪಡಿಯೂ ವಾಪಸ್ ಬರಲಿಲ್ಲ. ರೇಟು ಮಾತ್ರ ಹಳೇದೇ.